ಹನ್ನೊಂದನೇ ಅಡಿಟಿಪ್ಪಣಿ

ನಮ್ಮ ಕಾನೂನು ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆಯೊಂದಿದೆ. ಹೊಸ ಸದಸ್ಯರು ಯಾರು, ಹಳಬರು ಯಾವ ವಕೀಲರ ಹತ್ತಿರ ಸೇರಿದರು, ಮುಂದಿನ ಸಂಚಿಕೆಗೆ ಯಾರ ಲೇಖನ ಎಂದೆಲ್ಲ ಆಗಾಗ ಸುದ್ದಿಹಾಳೆ ಬರುತ್ತದೆ. ಈ ಸಲ ಅದರಲ್ಲಿ ನನ್ನ ಹೆಸರಿತ್ತು, ಮುಂದೆ 'ಆಸ್ತಿ ಕಾನೂನು' ಎಂದಷ್ಟೇ ಇತ್ತು. ಕಿಕ್ಕೇರಿ ಹತ್ತಿರದ ನಮ್ಮೂರಲ್ಲಿರುವ ಅಣ್ಣ ಅದನ್ನು ಡೇರಿಯಲ್ಲಿ ಹಾಲು ಹಾಕಲು ಬಂದವರಿಗೆಲ್ಲ ಫೋನಿನಲ್ಲಿ ತೋರಿಸಿದನಂತೆ.

ಲೇಖನ ಬರೆದದ್ದು ಹಕ್ಕು ಬಿಡುಗಡೆ ಪತ್ರದ ಬಗ್ಗೆ. ನಮ್ಮ ಕಡೆ ಹೆಣ್ಣುಮಕ್ಕಳು ತಮ್ಮ ಪಾಲನ್ನು ಅಣ್ಣತಮ್ಮಂದಿರಿಗೆ ಬರೆದುಕೊಡುತ್ತಾರೆ. ಆಮೇಲೆ ಅವರಿಗೆ ಅರಿಶಿನ, ಕುಂಕುಮ, ಒಂದು ಸೀರೆ, ಹೋಟೆಲಿನಲ್ಲಿ ದೋಸೆ.

ನಮ್ಮ ಪತ್ರಿಕೆಯಲ್ಲಿ ಪ್ರತಿ ಮಾತಿಗೂ ಅಡಿಟಿಪ್ಪಣಿಯಲ್ಲಿ ಆಧಾರ ಕೊಡಬೇಕು. ನನ್ನ ಲೇಖನ ತಿದ್ದಲು ಕೂತವಳು ನಾಗಮಂಗಲದ ಜೂನಿಯರ್. ಅವಳದು ಉಡದ ಪಟ್ಟು. 'ಬಹಳಷ್ಟು ಹೆಂಗಸರು ಓದದೆ ಸಹಿ ಹಾಕುತ್ತಾರೆ' ಎಂಬಲ್ಲಿ ಬೆರಳಿಟ್ಟಳು. ಹನ್ನೊಂದನೇ ಅಡಿಟಿಪ್ಪಣಿ ಖಾಲಿಯಿತ್ತು.

"ಅಕ್ಕ, ಇದುಕ್ಕೆ ಆಧಾರ?"

ನನಗೆ ಕೋಪ ಮೂಗಿನ ತುದಿಯಲ್ಲೇ. "ಎಲ್ರಿಗೂ ಗೊತ್ತಿರೋದು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ಬೇಕು ಅಕ್ಕ. ರೂಲ್ಸೇ ಅಂಗೈತೆ."

ಆಧಾರ ಹುಡುಕಿಕೊಂಡು ಭಾನುವಾರ ಊರ ಕಡೆಯ ಬಸ್ಸು ಹತ್ತಿದೆ. ಶ್ರೀರಂಗಪಟ್ಟಣ ದಾಟಿ ಪಾಂಡವಪುರ ಬರುವಷ್ಟರಲ್ಲಿ ಮೂರು ಸಲ ಸೀಟು ಬದಲಿಸಿದ್ದೆ. ಮನೆಗೆ ಹೋಗದೆ ನೇರ ಶೀಳನೆರೆಯ ಅತ್ತೆಯ ಬಳಿ ಹೋದೆ. ಅತ್ತೆ ಎಂದರೆ ಅಪ್ಪನ ತಂಗಿ. ತನ್ನ ಪಾಲನ್ನು ಎಂದೋ ಅಪ್ಪನಿಗೆ ಬರೆದುಕೊಟ್ಟವರು. ಹಾಲಿನ ಕ್ಯಾನು ತಿಕ್ಕುತ್ತಲೇ ನನ್ನ ಮಾತು ಕೇಳಿದರು.

"ನನ್ನ ಎಸ್ರು ಮಾತ್ರ ಆಕ್ಬೇಡ ಕಣವ್ವ. ಅಬ್ಬಕ್ಕೆ ಬಾ ಅಂತ ಕರ್ಯೋ ಮನೆ ನಂಗೆ ನಿಮ್ಮಣ್ಣಂದೊಂದೇ."

"ನೀವು ಓದಿದ್ರಾ ಅಷ್ಟು ಹೇಳಿ ಸಾಕು."

ಅತ್ತೆ ಕ್ಯಾನು ಬೋರಲು ಹಾಕಿದರು. "ನನ್ನೇನು ಕೇಳೀಯೆ? ನಿನ್ನ ಪತ್ರ ನೀನು ಓದಿದ್ಯಾ? ನಾನೇ ಸಾಕ್ಷಿಗೆ ಬಂದಿದ್ನಲ್ಲ, ನೀನು ಒಂದು ಪುಟನೂ ಮಗುಚ್ನಿಲ್ಲ."

ಅತ್ತೆ ಹೇಳಿದ್ದು ನಿಜ. ಅಪ್ಪ ತೀರಿಕೊಂಡ ಮೇಲೆ ಜಮೀನಿನ ಖಾತೆ ಅಣ್ಣನ ಹೆಸರಿಗೆ ಆಗಬೇಕಿತ್ತು. ಕೆ.ಆರ್. ಪೇಟೆಯ ನೋಂದಣಿ ಕಚೇರಿಯಲ್ಲಿ ಅಣ್ಣ ಪೆನ್ನು ಕೊಟ್ಟ, ನಾನು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ, ಹೆಬ್ಬೆಟ್ಟೊತ್ತಿದೆ. ಆಗ ನಾನು ಕಾನೂನು ಓದಲು ಸೇರಿ ಎರಡನೇ ವರ್ಷ. ಓದಿದರೆ ಅಣ್ಣನನ್ನು ನಂಬಲಿಲ್ಲ ಎಂದಾಗುತ್ತದಲ್ಲ ಎಂಬ ನಾಚಿಕೆ. ಅಂದು ಅಣ್ಣ ಕೊಟ್ಟ ಸೀರೆ ಇನ್ನೂ ಉಟ್ಟಿಲ್ಲ. ಇಡೀ ಲೇಖನ ಬರೆಯುವಾಗ ಇದೊಂದನ್ನು ಪಕ್ಕಕ್ಕೆ ತಳ್ಳಿಟ್ಟಿದ್ದ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಎರಡು ದಿನ ಲೇಖನವನ್ನೇ ಮುಂದಿಟ್ಟುಕೊಂಡು ಕೂತೆ. ಆ ವಾಕ್ಯ ಹೊಡೆದುಹಾಕಿದರೆ ತವರು ಉಳಿಯುತ್ತದೆ, ಲೇಖನಕ್ಕೂ ಅಂಥ ನಷ್ಟವಿಲ್ಲ. ಹೊಡೆದೆ, ಮತ್ತೆ ಬರೆದೆ. ಕೊನೆಗೆ ಹನ್ನೊಂದನೆಯದರ ಮುಂದೆ ಬರೆದದ್ದು ಇಷ್ಟು: 'ಲೇಖಕಿಯೇ. ತನ್ನ ಬಿಡುಗಡೆ ಪತ್ರಕ್ಕೆ ಆಕೆ ಓದದೆ ಸಹಿ ಹಾಕಿದ್ದಾಳೆ.'

ಜೂನಿಯರ್ ಓದಿ ತಲೆ ಎತ್ತಿದಳು. "ಅಕ್ಕ, ಮನೇಲಿ?"

"ನೀನು ಟಿಕ್ ಹಾಕು."

ಮರುದಿನ ಅಣ್ಣನ ಫೋನು ಬಂತು. "ಗೌರಿ ಅಬ್ಬಕ್ಕೆ ಬತ್ತೀಯಲ್ಲ? ಬರುವಾಗ ಆ ಪತ್ರಿಕೆ ತಗೊಂಬಾ. ಒಂದಕ್ಷರನೂ ಬುಡದಂಗೆ ಓದ್ತೀನಿ ಕಣವ್ವ."

"ಪತ್ರಿಕೆ ಕಳಿಸ್ತೀನಿ ಅಣ್ಣ" ಎಂದೆ. ಹಬ್ಬಕ್ಕೆ ಬರುತ್ತೇನೆ ಎನ್ನಲು ಬಾಯಿ ಬರಲಿಲ್ಲ.