ಅತ್ತೆಯ ಮಾತು, ನನ್ನ ವೆಬ್‌ಸೈಟು

ಬೈಲಹೊಂಗಲದ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತೇನೆ. ವೆಬ್‌ಸೈಟ್ ಕಟ್ಟುವುದು ಹೇಗೆಂದು ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದು ಕಲಿಸಿದವಳು ಸ್ವತಃ ಒಂದನ್ನೂ ಕಟ್ಟಿರಲಿಲ್ಲ. ಹೊಳೆಗಿಳಿಯದೆ ಈಜು ಕಲಿಸಿದ ಹಾಗೆ. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಹೊಳೆಯ ಹತ್ತಿರ ಹೋಗದಿದ್ದುದರಿಂದ ಯಾರೂ ಮುಳುಗಲಿಲ್ಲ, ನನ್ನ ಮರ್ಯಾದೆಯೂ ಉಳಿಯಿತು.

ಕೊನೆಗೆ ಕಟ್ಟಲೇಬೇಕು ಅನ್ನಿಸಿದ್ದು ಬಾಗಿಲುಗಳಿಂದ. ಕಿತ್ತೂರು ನನ್ನ ತವರು. ನಮ್ಮ ಓಣಿಯಲ್ಲಿ ಹಳೆಯ ವಾಡೆಯೊಂದನ್ನು ಕೆಡವಿ, ಅದರ ಕೆತ್ತನೆಯ ಬಾಗಿಲನ್ನು ಸೀಳಿ ಬಚ್ಚಲ ಒಲೆಗೆ ಹಾಕಿದರು. ಆ ಮನೆಯವರು ಅವತ್ತು ಬಹಳ ಕಲಾತ್ಮಕವಾದ ಬಿಸಿನೀರಿನಲ್ಲಿ ಸ್ನಾನ ಮಾಡಿರಬೇಕು. ಅಂದಿನಿಂದ ನಾನು ಹೋದಲ್ಲೆಲ್ಲ ಹಳೆಯ ಬಾಗಿಲುಗಳ ಫೋಟೋ ತೆಗೆಯತೊಡಗಿದೆ. ಸವದತ್ತಿಯಲ್ಲಿ ಮದುವೆಯಿದ್ದರೆ ಎಲ್ಲರೂ ವಧೂವರರ ಕಡೆ ಮೊಬೈಲ್ ಹಿಡಿದಾಗ ನಾನು ಪಕ್ಕದ ಮನೆಯ ಚೌಕಟ್ಟಿಗೆ ಹಿಡಿಯುತ್ತಿದ್ದೆ. ತೊರಗಲ್ಲಿನಲ್ಲಿ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಕೇಳಿದ:

“ಸರ್ವೇದವರೇನ್ರಿ? ರಸ್ತಾ ಅಗಲ ಮಾಡ್ತಾರೇನು?”

“ಇಲ್ರೀ ಯಜ್ಜಾ, ಬಾಗಲಾ ಚಂದ ಐತಿ ಅಂತ.”

“ಚಂದ ಐತಿ ಖರೆ. ದಿನಾ ತಗದು ಮುಚ್ಚಿ ನೋಡ್ರಿ, ರಟ್ಟಿ ಬಿದ್ದ ಹೋಕ್ಕಾವು.”

ಫೋಟೋಗಳನ್ನು ಇಂಟರ್‌ನೆಟ್ಟಿನಲ್ಲಿ ಇಡಲು ಜಾಗ ಬೇಕು, ಅದಕ್ಕೆ ಬಾಡಿಗೆ ಇರುತ್ತದೆ ಎಂದು ಮನೆಯಲ್ಲಿ ಹೇಳಿದೆ. ಬೀಜದ ಅಂಗಡಿ ನಡೆಸುವ ನನ್ನ ಗಂಡ ಊಟ ನಿಲ್ಲಿಸಿ ನಕ್ಕರು. “ಗಾಳ್ಯಾಗಿನ ಜಾಗಾಕ್ಕ ಬಾಡಿಗಿ? ನಮ್ಮ ಅಂಗಡಿ ಮ್ಯಾಲಿನ ಮಾಳಿಗಿ ಖಾಲಿನ ಐತಿ. ಅಲ್ಲೇ ಇಡು ನಿನ್ನ ಬಾಗಲಾ.”

ಬಾಡಿಗೆ ಕೊಡುವ ಸಂಬಳ ನನಗಿತ್ತು. ಆದರೆ ಆ ನಗು ಕೇಳಿದ ಮೇಲೆ ಪೈಸೆ ಬಿಚ್ಚಬಾರದು ಅನ್ನಿಸಿತು. ಹುಡುಕಿದಾಗ ಒಂದು ಫೋರಂ ಸಿಕ್ಕಿತು. ದೇಶದೇಶಗಳ ಜನ ಕೂಡಿ ಹರಟುವ ಕಟ್ಟೆ ಅದು. ಅಲ್ಲಿ ಬೇರೆಯವರಿಗೆ ಉಪಯೋಗವಾಗುವಂಥದ್ದನ್ನು ಬರೆದರೆ ಪಾಯಿಂಟು ಬರುತ್ತವೆ, ಪಾಯಿಂಟು ಇರುವ ತನಕ ನಮ್ಮ ವೆಬ್‌ಸೈಟಿಗೆ ಪುಕ್ಕಟೆ ಜಾಗ. ಬರೆಯುವುದು ನಿಂತರೆ ಜಾಗವೂ ಹೋಯಿತು. ಮಠದಲ್ಲಿ ಸೇವೆ ಮಾಡಿ ಪ್ರಸಾದ ಉಂಡ ಹಾಗೆ ಎಂದು ಉತ್ಸಾಹದಿಂದ ಸೇರಿಕೊಂಡೆ.

ಸೇರಿದ ಮೇಲೆ ತಿಳಿಯಿತು, ಅಲ್ಲಿ ಉಣ್ಣಲು ಬಂದವರೇ ಎಲ್ಲ, ಬಡಿಸುವವರು ಯಾರೂ ಇಲ್ಲ. ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಸಾಕು, ಪಾಯಿಂಟಿಗಾಗಿ ಹಸಿದವರು ನುಗ್ಗಿ ಒಂದೇ ಉತ್ತರವನ್ನು ಬೇರೆ ಬೇರೆ ಮಾತಿನಲ್ಲಿ ಬರೆಯುತ್ತಿದ್ದರು. ನಾನು ಯೋಚಿಸಿ ಬರೆಯುವಷ್ಟರಲ್ಲಿ ಪ್ರಶ್ನೆ ಕೇಳಿದವನು ಧನ್ಯವಾದ ಹೇಳಿ ಹೋಗಿರುತ್ತಿದ್ದ. ಬೇರೆ ದಾರಿ ಕಾಣದೆ, ಹೊಸದಾಗಿ ಬಂದವರಿಗೆಲ್ಲ ಸ್ವಾಗತ ಕೋರತೊಡಗಿದೆ. ಫೋರಂ ಕಾಯುವವನನ್ನು ಮಾಡರೇಟರ್ ಅನ್ನುತ್ತಾರೆ. ತನ್ನ ಮುಖದ ಬದಲು ಬೆಕ್ಕಿನ ಫೋಟೋ ಹಾಕಿಕೊಂಡಿದ್ದ ಆತ ಎಚ್ಚರಿಕೆ ಕಳಿಸಿದ: ಬರೀ ಸ್ವಾಗತಕ್ಕೆ ಪಾಯಿಂಟು ಇಲ್ಲ. ಸ್ವಾಗತ ಮಾಡಿ ಬೈಸಿಕೊಂಡದ್ದು ನಮ್ಮ ಮನೆತನದಲ್ಲಿ ನಾನೇ ಮೊದಲು.

ಒಂದು ಭಾನುವಾರ ಮಧ್ಯಾಹ್ನ ಅತ್ತೆ ಪಕ್ಕದಲ್ಲಿ ಮೆಂತ್ಯಪಲ್ಯೆ ಸೋಸುತ್ತ ಕೂತಿದ್ದರು. ಹೊಲಮನೆ, ಆಳುಕಾಳು, ಬೀಗರು, ಎಲ್ಲರನ್ನೂ ಬಾಯಿಂದಲೇ ಆಳಿದವರು. “ಯಾರಿಗೆ ಬರ್ಯಾಕತ್ತೀಯವಾ ಇಷ್ಟೊತ್ತನಾ?” ಎಂದರು. ನಾನು ತೆರೆಯ ಮೇಲಿದ್ದುದನ್ನು ಓದಿ ಹೇಳಿದೆ. ಯಾವುದೋ ಚಳಿದೇಶದವನೊಬ್ಬ ಹರಟೆಯ ವಿಭಾಗದಲ್ಲಿ ಗೋಳಾಡಿದ್ದ: ಪಕ್ಕದ ಮನೆಯವನು ತನ್ನ ಇಂಟರ್‌ನೆಟ್ಟನ್ನೇ ಬಳಸುತ್ತಾನೆ, ಪಾಸ್‌ವರ್ಡ್ ಬದಲಿಸಿದಾಗೆಲ್ಲ ಬಂದು ಹೊಸದು ಕೇಳುತ್ತಾನೆ, ಇಲ್ಲವೆನ್ನಲು ಬಾಯಿ ಬರುವುದಿಲ್ಲ.

ಅತ್ತೆ ಪಲ್ಯೆ ಕೆಳಗಿಟ್ಟರು. “ಇಲ್ಲಾ ಅನ್ನಾಕ ಬಾಯಿಲ್ಲದ ಗಂಡಸಾ! ದಿನಾ ಮುಂಜಾನೆದ್ದು ಅವನ ಮನಿಗೆ ಹೋಗಿ ಏನರೆ ಕೇಳಂತ ಹೇಳು. ಒಂದಿನಾ ಸಕ್ಕರಿ, ಒಂದಿನಾ ಏಣಿ, ಒಂದಿನಾ ಅವನ ಚಪ್ಪಲಿ. ವಾರದಾಗ ತಾನ ಬಾಗಲಾ ಹಾಕ್ಕೋತಾನು.”

‘ಬಾಯಿಲ್ಲದ ಗಂಡಸು’ ಎಂಬುದನ್ನು ಬಿಟ್ಟು, ‘ನಮ್ಮ ಅತ್ತೆಯವರ ನಮ್ರ ಸಲಹೆ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಕೆಲವು ದಿನಗಳಲ್ಲಿ ಆತ ಮರಳಿ ಬಂದ. ಚಪ್ಪಲಿಯ ತನಕ ಹೋಗುವ ಪ್ರಸಂಗವೇ ಬರಲಿಲ್ಲವಂತೆ, ಏಣಿಗೇ ಪಕ್ಕದವನು ಹೊಸ ಸಂಪರ್ಕ ತೆಗೆದುಕೊಂಡನಂತೆ. ಫೋರಂ ಕುಣಿಯಿತು. ನನ್ನ ವಿದ್ಯೆಗೆ ಬಾರದ ಪಾಯಿಂಟುಗಳು ಅತ್ತೆಯ ಬಾಯಿಗೆ ಧಾರಾಳವಾಗಿ ಬಂದವು. ಬಾಗಿಲುಗಳ ಸೈಟು ಮೇಲೆದ್ದಿತು.

ಅಲ್ಲಿಂದ ನಾನು ಲಿಪಿಕಾರಳಾದೆ. ತನ್ನ ಹೆಂಡತಿಯ ತಾಯಿ ಬಂದು ಅಡುಗೆಮನೆಯನ್ನು ಬುಡಮೇಲು ಮಾಡಿದಳೆಂದು ಒಬ್ಬ ಬರೆದರೆ, “ಆಕಿ ಬಂದ ಮ್ಯಾಲರೆ ಅದು ಅಡಗಿಮನಿ ಆಗಿರತೈತಿ. ಆ ನಾಲಾಯಕಗ ಬಾಯಿ ಮುಚ್ಚಿ ಉಣ್ಣಂತ ಹೇಳು” ಎನ್ನುತ್ತಿದ್ದರು ಇವರು. ‘ಹಿರಿಯರ ಅನುಭವ ದೊಡ್ಡದು, ಊಟವನ್ನು ಸವಿಯಿರಿ’ ಎಂದು ನಾನು ಬರೆಯುತ್ತಿದ್ದೆ. ಲೋಕ ಅತ್ತೆಯನ್ನು ಸಂತಳೆಂದು ತಿಳಿಯಿತು.

ಆಗ ರಾಮದುರ್ಗದಿಂದ ನಾದಿನಿ ರಜೆಗೆ ಬಂದಳು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ತಾಯಿಯ ಕೀರ್ತಿಯನ್ನು ತಾಯಿಗೇ ಕನ್ನಡದಲ್ಲಿ ಓದಿ ಹೇಳುವ ದೊಡ್ಡ ಮನಸ್ಸು ಮಾಡಿದಳು. ಕೇಳುತ್ತ ಕೇಳುತ್ತ ಅತ್ತೆಯ ಮುಖ ಬಿಗಿಯಿತು.

“ನಾ ಹೇಳಿದ್ದೇನು, ನೀ ಬರದಿದ್ದೇನು! ನನ್ನ ಮಾತಿಗೆ ನೀರ ಹಾಕಿ ಮಾರೀದೆಲ್ಲವಾ!”

“ಮಂದಿ ಬ್ಯಾಸರಾ ಮಾಡ್ಕೋತಾರ ಅಂತ, ಅತ್ತಿ…”

“ಬ್ಯಾಸರಾಗ್ಲೆಂತನ ಹೇಳೂದು!”

ಕೀಲಿಮಣೆ ನಾದಿನಿಯ ಕೈಗೆ ಹೋಯಿತು. ಅದೇ ಸಂಜೆ ಮಾಡರೇಟರನ ಸೂಚನೆ ಬಂದಿತ್ತು: ಹರಟೆ ವಿಷಯ ಬಿಟ್ಟು ಹೋಗುತ್ತಿದೆ, ಮಿತಿಯಲ್ಲಿರಲಿ. ಅತ್ತೆ ಹೇಳಿದರು, “ಇವ ಯಾವೂರ ಗೌಡಾ? ನಾಕ ಮಂದಿ ಕುಂತು ಮಾತಾಡಿದ್ರ ಇವನ ಗಂಟೇನ ಹೋಕ್ಕೈತಿ? ಬೆಕ್ಕಿನ ಮಾರಿ ಹಚ್ಕೊಂಡು ಹುಲಿಗತೆ ಗುರ್ ಅಂತಾನು!” ನಾದಿನಿ ಒಂದಕ್ಷರ ಬಿಡದೆ ಅನುವಾದಿಸಿದಳು. ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಮರುದಿನ ನನ್ನ ಖಾತೆ ಅಮಾನತಾಯಿತು, ಅದರೊಂದಿಗೆ ಎಲ್ಲ ಊರಿನ ಬಾಗಿಲುಗಳೂ ಮುಚ್ಚಿದವು. ನಾದಿನಿ ರಜೆ ಮುಗಿಯಿತೆಂದು ರಾಮದುರ್ಗದ ಬಸ್ಸು ಹತ್ತಿದಳು.

ಸೈಟನ್ನು ಯಾರೂ ನೋಡುವುದಿಲ್ಲ ಎಂದುಕೊಂಡಿದ್ದೆ. ಆದರೆ ನಾನು ಬಾಗಿಲಿನ ಫೋಟೋ ತೆಗೆದಿದ್ದ ಮನೋಳಿಯ ವಾಡೆಯೊಂದರ ಯಜಮಾನರು ಗಂಡನ ಅಂಗಡಿಗೆ ಫೋನ್ ಮಾಡಿದರು. ಮಗಳಿಗೆ ಸಂಬಂಧ ಗೊತ್ತುಮಾಡುತ್ತಿದ್ದರಂತೆ. ನಮ್ಮ ವಾಡೆ ಇಂಟರ್‌ನೆಟ್ಟಿನಲ್ಲಿದೆ ನೋಡಿರಿ ಎಂದು ಬೀಗರಾಗುವವರ ಮುಂದೆ ಹೆಮ್ಮೆಯಿಂದ ಮೊಬೈಲ್ ತೆರೆದರೆ, ‘ಅಮಾನತಾಗಿದೆ’ ಎಂಬ ಬರಹ! ಮನೆಯೇ ಅಮಾನತಾಯಿತೇನೋ ಎಂದು ಗಂಡಿನವರು ಪರಸ್ಪರ ಮುಖ ನೋಡಿಕೊಂಡರಂತೆ.

ಮಾಳಿಗೆಯ ಜಾಗ ತೋರಿಸಿದ್ದ ನನ್ನ ಗಂಡ ಬೆವರುತ್ತ ಮನೆಗೆ ಬಂದರು. “ಅವರು ನಮ್ಮ ಹಳೇ ಗಿರಾಕಿ. ರೊಕ್ಕಾ ಕೊಡತೇನಿ, ಎಲ್ಲಿಗರೆ ಹಚ್ಚು ಆ ಬಾಗಲಾ!”

“ರೊಕ್ಕಾ ಕೊಟ್ಟು ತಗೊಳ್ಳೂದಿದ್ರ ನಾ ಇಷ್ಟ ದಿನಾ ಗಂಟಲಾ ಯಾಕ ಹರಕೊಂಡೆ?” ಎಂದು ಅತ್ತೆ ಅಡ್ಡ ಬಂದರು. “ಆ ಬೆಕ್ಕಿನವಗ ಬರಿಯವಾ, ನಾ ಹೇಳತೇನಿ.”

“ತಪ್ಪಾತು ಅಂತ ಬರೀಲೇನ್ರಿ?”

“ತಪ್ಪ ಯಾಕಂತಿ? ಬೆಕ್ಕ ಚಂದ ಐತಿ ಅಂತ ಬರಿ. ಅದಕ್ಕ ಏನ ತಿನ್ನಾಕ ಹಾಕ್ತಾನ ಅಂತ ಕೇಳು.”

ಖಾತೆ ಮುಚ್ಚಿದ್ದರಿಂದ ಇಮೇಲಿನಲ್ಲಿ ಬರೆದೆ. ಮಾಡರೇಟರನಿಂದ ಬೆಕ್ಕಿನ ಆಹಾರ, ಅನಾರೋಗ್ಯ ಮತ್ತು ಸ್ವಭಾವದ ಬಗ್ಗೆ ಉದ್ದನೆಯ ಉತ್ತರ ಬಂತು. ಶಿಸ್ತಿನ ಮನುಷ್ಯ, ತಾನೇ ವಿಷಯ ಬಿಟ್ಟು ಎಷ್ಟು ದೂರ ಹೋಗಿದ್ದೇನೆಂದು ಗಮನಿಸಿರಲಿಲ್ಲ. ಖಾತೆ ತೆರೆಯಿತು. ಮನೋಳಿಯವರಿಗೆ ತಿಳಿಸಿದೆವು. ಗಂಡಿನವರು ಮತ್ತೆ ಬಂದು ಬಾಗಿಲಿನ ಕೆತ್ತನೆಯನ್ನೆಲ್ಲ ನೋಡಿ, ಈ ಬಾಗಿಲಿನಿಂದ ಒಳಗೆ ಕಾರು ಹೋಗುತ್ತದೆಯೇ ಎಂದು ಕೇಳಿದರಂತೆ. ಹೋಗುವುದಿಲ್ಲ. ಸಂಬಂಧ ಮಾತ್ರ ಕೂಡಿತು.

ಆಮೇಲೊಂದು ದಿನ ಮಾಡರೇಟರ್ ಗುಟ್ಟಾಗಿ ಅತ್ತೆಗೆ ಬರೆದ. ಅಣ್ಣನೊಂದಿಗೆ ಬಹಳ ವರ್ಷಗಳಿಂದ ಮಾತಿಲ್ಲ, ಯಾರು ಮೊದಲು ಮಾತಾಡಬೇಕು? ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಪಕ್ಕ ಬಂದು ಕೂತರು. “ನೀನ ಹೋಗಪಾ ಅನ್ನು. ಕರದ್ರ ಹೋಗತೇನಿ ಅಂತ ಕುಂತ್ರ, ಇಬ್ರೊಳಗ ಒಬ್ಬಾಂವಾ ಉಳೀತಾನ ನೋಡು ಕರ್ಯಾಕ, ಓ ಅನ್ನಾಕ ಇನ್ನೊಬ್ಬಾಂವಾ ಇರೂದಿಲ್ಲ” ಎಂದರು.

ಆತ ಹೋದ. ಅಣ್ಣ ಒಳಗೆ ಕರೆದನಂತೆ, ಕೂಡಿ ಉಂಡರಂತೆ, ತಂದೆಯ ಗಡಿಯಾರದ ಸಲುವಾಗಿ ಮತ್ತೆ ಜಗಳವಾಡಿದರಂತೆ. ಓದಿ ಹೇಳುವಾಗ ನನಗೆ ಕೆಡುಕೆನಿಸಿತು.

“ಜಗಳಾ ಹತ್ತ್ಯಾರಲ್ಲ, ಮಾತ ಸುರು ಆತಲ್ಲ?” ಎಂದು ಅತ್ತೆ ಎದ್ದರು. “ಗಡಿಯಾರಾ ದೊಡ್ಡಾಂವಗ ಬಿಡಂತ ಬರಿ. ಬಿಡೂದಿಲ್ಲಾಂವಾ. ಆದ್ರೂ ಬರಿ.”