ನಮ್ಮಿಬ್ಬರ ಅಡ್ಡಾಟ

ಬೆಂಗಳೂರಿನವರು ವಾಕಿಂಗ್ ಹೋಗುತ್ತಾರೆ, ಇಲ್ಲವೇ ಸುತ್ತಾಡುತ್ತಾರೆ. ಧಾರವಾಡದ ಕಡೆಯವರಾದ ನಾವು ಅಡ್ಡಾಡುತ್ತೇವೆ. ವಾಕಿಂಗಿಗೆ ಬೂಟು ಬೇಕು, ಸಕ್ಕರೆ ಕಾಯಿಲೆಯಾದರೂ ಬೇಕು. ಅಡ್ಡಾಡೋದಕ್ಕೆ ಕಾರಣವೇ ಇರಬಾರದು. ಕೈಯಲ್ಲಿ ಚೀಲ ಹಿಡಿದರೆ ಅದು ಸಂತೆಗೆ ಹೋದಂತೆ, ಅಡ್ಡಾಡಿದಂತಲ್ಲ.

ಮದುವೆಯಾಗಿ ಹೊಸ ತಿಪ್ಪಸಂದ್ರದ ಬಾಡಿಗೆ ಮನೆಗೆ ಬಂದಾಗಿನಿಂದ ನಾನೂ ನಮ್ಮನೆಯವರೂ ಸಂಜೆ ಹೀಗೇ ಹೊರಬೀಳುತ್ತಿದ್ದೆವು. ನಮ್ಮದೊಂದು ಪದ್ಧತಿ ಇತ್ತು. ಒಂದು ತಿರುವಿನಲ್ಲಿ ನಾನು ದಾರಿ ಆರಿಸಬೇಕು, ಮುಂದಿನದರಲ್ಲಿ ಅವರು. ಹಾಗೆ ಹಲಸೂರಿನ ಓಣಿಗಳಲ್ಲಿ ಅದೆಷ್ಟು ಸಲ ದಾರಿ ತಪ್ಪಿ, ಯಾರದೋ ಹಿತ್ತಲಿಗೆ ನುಗ್ಗಿ, ತಮಿಳಿನಲ್ಲಿ ಬೈಸಿಕೊಂಡು ನಗುತ್ತಾ ಮನೆ ಸೇರಿದ್ದೇವೋ.

ಹೋದ ವರ್ಷ ದೊಮ್ಮಲೂರಿನ ನಮ್ಮ ಆಫೀಸಿನಲ್ಲಿ ನನ್ನ ಪಾಳಿ ಬದಲಾಯಿತು. ಮನೆ ಮುಟ್ಟುವಷ್ಟರಲ್ಲಿ ಊಟದ ಹೊತ್ತು. ಮನೆಯಿಂದಲೇ ಕೆಲಸ ಮಾಡುವ ನಮ್ಮನೆಯವರಿಗೆ ಬೇರೆ ಜೊತೆ ಸಿಕ್ಕಿತು: ಕೆಳಗಿನ ಮನೆಯಲ್ಲಿರುವ ನಮ್ಮ ಓನರ್. ತಿಪ್ಪಸಂದ್ರ ಹಳ್ಳಿಯಾಗಿದ್ದಾಗ ಇಲ್ಲೇ ರಾಗಿ ಬೆಳೆದ ಮನೆತನದವರು.

ಒಂದು ರಜೆಯ ಸಂಜೆ ಓನರ್ ಮೆಟ್ಟಿಲ ಕೆಳಗಿನಿಂದ ಇವರನ್ನು ಕೂಗಿದ್ದು ಕೇಳಿಸಿತು. “ಬಾ ಗುರು, ಅಡ್ಡಾಡ್ಕೊಂಡ್ ಬರೋಣ.”

ಅಡ್ಡಾಡೋದು! ಅದು ನಮ್ಮ ಮಾತು. ಬೇರೆ ಹೆಣ್ಣಾಗಿದ್ದರೆ ಜಗಳವಾದರೂ ಆಡಬಹುದಿತ್ತು. ದಪ್ಪ ಮೀಸೆಯ ಈ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಅಂದರೆ ಯಾರು ನಂಬುತ್ತಾರೆ? ಆದರೂ ಪಟ್ಟೆ, ಚೆನ್ನಾಗಿಯೇ ಪಟ್ಟೆ. ನಮ್ಮ ಮಾತನ್ನು ಈ ನಮ್ಮನೆಯವರು ಪಕ್ಕದ ಮನೆಗೆ ಒಂದು ಲೋಟ ಸಕ್ಕರೆ ಕೊಟ್ಟ ಹಾಗೆ ಎತ್ತಿ ಕೊಟ್ಟುಬಿಟ್ಟಿದ್ದರು.

ಮೊನ್ನೆ ಶನಿವಾರ ಹಟ ಹಿಡಿದು, ಇವರೊಬ್ಬರನ್ನೇ ಶಿವಾಜಿನಗರಕ್ಕೆ ಎಳೆದುಕೊಂಡು ಹೋದೆ. ಬಸ್ ಸ್ಟ್ಯಾಂಡ್ ದಾಟಿದ ಮೇಲಿನ ಮೊದಲ ತಿರುವು ನನ್ನ ಸರದಿ. ನಾನು ಬಾಯಿ ತೆಗೆಯೋದರೊಳಗೆ ಇವರು ಎಡಕ್ಕೆ ಹೊರಳಿ ಆಗಿತ್ತು. ಚಹಾದಂಗಡಿಯವರು ಇವರಿಗೆ ಸಲಾಂ ಹೇಳಿ, ದೋಸ್ತ್ ಯಾಕೆ ಬರಲಿಲ್ಲ ಅಂತ ವಿಚಾರಿಸಿದರು. ನನ್ನ ಕಡೆ ನೋಡಲೂ ಇಲ್ಲ. ಇದು ಓನರ್ ತೋರಿಸಿದ ದಾರಿ, ಆ ಮೂಲೆಯಲ್ಲಿ ಸಮೋಸ ಬಿಸಿಯಾಗಿ ಸಿಗುತ್ತದೆ ಅನ್ನುತ್ತಾ ಇವರು ಮುಂದೆ ಮುಂದೆ, ಬಾಲದ ಹಾಗೆ ನಾನು ಹಿಂದೆ. ನನ್ನ ಗಂಡನ ಜೊತೆ ನಾನೇ ನೆಂಟಳಾಗಿದ್ದೆ.

ಸಮೋಸದ ಮೂಲೆಯಲ್ಲಿ ಇವರು ಮತ್ತೆ ಎಡಕ್ಕೆ ಹೋದರು. ನಾನು ಬಲಕ್ಕೆ ಹೋದೆ. ಫೋನ್ ಆಫ್ ಮಾಡಿದೆ.

ಮೊದಮೊದಲು ಬರೀ ಸಿಟ್ಟಿನಿಂದ ನಡೆದೆ. ಆಮೇಲೆ ಸಿಟ್ಟು ಎಲ್ಲೋ ಉದುರಿಹೋಯಿತು, ಕಾಲು ಮಾತ್ರ ನಡೆಯುತ್ತಿತ್ತು. ಕುರಿಮಾಂಸದಂಗಡಿಗಳ ಸಾಲು ಮುಗಿದು, ಹೊಲಿಗೆ ಯಂತ್ರಗಳ ಸದ್ದಿನ ಓಣಿ ಬಂತು. ಬಾಗಿಲಲ್ಲಿ ಕೂತಿದ್ದ ಮುದುಕಿಯೊಬ್ಬಳು ಸುತ್ತಿ ಸುತ್ತಿ ಅಲ್ಲಿಗೇ ಬಂದ ನನ್ನನ್ನು ಮೂರನೇ ಸಲ ಕಂಡು, ಬೈಠೋ ಬೇಟಿ ಅಂತ ಕೂರಿಸಿ, ಎಲೆ ಅಡಿಕೆ ಕೊಟ್ಟಳು. ಇಬ್ಬರೂ ತುಟಿ ಕೆಂಪು ಮಾಡಿಕೊಂಡು ಅರ್ಧ ತಿಳಿದ ಭಾಷೆಯಲ್ಲಿ ಹರಟಿದೆವು.

ಮನೆ ಸೇರುವಾಗ ದೀಪ ಹತ್ತಿದ್ದವು. ಗೇಟಿನ ಹತ್ತಿರ ನಮ್ಮನೆಯವರೂ ಓನರೂ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದರು.

“ಎಲ್ಲಿ ಹೋಗಿದ್ದಿ?” ಅಂದರು ನಮ್ಮನೆಯವರು.

“ಅಡ್ಡ್ಯಾಡಾಕ.”

ಅವರ ಕಣ್ಣು ನನ್ನ ಕೆಂಪು ತುಟಿಯ ಮೇಲೆ ನಿಂತಿತು. ಆಮೇಲೆ ಮೆಲ್ಲಗೆ ಕೇಳಿದರು, “ಯಾರ ಜೋಡಿ?”

ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ವರ್ಷವಿಡೀ ನನ್ನ ಹೊಟ್ಟೆಯೊಳಗೆ ಇದ್ದದ್ದು ಅದೇ. ತುಟಿ ಒರೆಸಿಕೊಳ್ಳದೆ ಮೆಟ್ಟಿಲು ಹತ್ತಿದೆ.