ಸುಮ್ಮನೆ ಕೂರುವ ಹತ್ತು ನಿಮಿಷ

ಟೀ ಸೋಸುವಾಗ ನನ್ನ ಕೈ ನಡುಗತೊಡಗಿ ತಿಂಗಳಾಗಿತ್ತು. ಎದೆ ಸುಮ್ಮಸುಮ್ಮನೆ ಡವಡವ ಎನ್ನುತ್ತಿತ್ತು. ಜಗಳೂರಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, "ಹಾರ್ಟು ಚೆನ್ನಾಗೈತೆ. ಇದು ಟೆನ್ಷನ್ನು. ದಿನಾ ಹತ್ತು ನಿಮಿಷ ಒಬ್ರೇ ಸುಮ್ನೆ ಕುಂತ್ಕಳ್ರಿ. ಹಿಂಗೇ ಬಿಟ್ರೆ ಗುಳಿಗೆ ಶುರು ಮಾಡ್ಬೇಕಾಗ್ತೈತೆ" ಎಂದರು. ಎಷ್ಟು ಸಲೀಸಾದ ಔಷಧ ಎಂದು ಖುಷಿಯಾಯಿತು. ಆಯಮ್ಮ ನಮ್ಮ ಮನೆ ನೋಡಿರಲಿಲ್ಲ.

ಬಿಳಿಚೋಡಿನ ಅಂಗನವಾಡಿಯಲ್ಲಿ ಊರ ಮಕ್ಕಳನ್ನು ಸಂಭಾಳಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಬಂದರೆ ಮನೆಯಲ್ಲಿ ನನ್ನವೇ ಎರಡು ಕಾಯುತ್ತಿರುತ್ತವೆ. ಚಪ್ಪಲಿ ಬಿಡುವ ಮೊದಲೇ ಟೀ ಕೇಳುವ ಗಂಡ. ಅತ್ತೆಯೋ, ಬಚ್ಚಲಿಗೆ ನೀರು ಕಾಸಲು ಹೋದರೆ ಈಚೆ ಬರುವುದೇ ಇಲ್ಲ. ನೀರು ಕಾಸುತ್ತಾರೋ ಬಾವಿ ತೋಡುತ್ತಾರೋ ಎಂದು ಗೊಣಗುತ್ತಲೇ ನಾನು ಅಡುಗೆಗೆ ನಿಲ್ಲುತ್ತಿದ್ದೆ.

ಅಂದು ಸಂಜೆ ಮಾಳಿಗೆ ಹತ್ತಿ ಗೋಡೆಗೆ ಒರಗಿ ಕೂತೆ. ಕಣ್ಣು ಮುಚ್ಚುವಷ್ಟರಲ್ಲಿ ಅತ್ತೆ ಮೆಟ್ಟಿಲ ಮೇಲಿದ್ದರು.

"ಯಾಕವ್ವಾ ಹಿಂಗೆ ಕುಂತೀಯ? ಯಾರೇನಂದ್ರು?"

ಯಾರೂ ಏನೂ ಅಂದಿಲ್ಲ ಎಂದೆ. ಹಾಗಾದರೆ ಯಾರೋ ಏನೋ ಅಂದಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು. ದೀಪ ಹಚ್ಚುವ ಹೊತ್ತಿನಲ್ಲಿ ಮಂಕಾಗಿ ಕೂತವಳಿಗೆ ದೃಷ್ಟಿಯೇ ತಾಗಿರಬೇಕೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಮಂದಿಯೆಲ್ಲ ಕೆಮ್ಮಿದೆವು. ಪಕ್ಕದ ಮನೆಯ ಟೈಲರ್ ಹೆಂಡತಿ "ಏನಾತು ಭಾಬಿ?" ಎನ್ನುತ್ತ ಓಡಿ ಬಂದಳು. ಡಾಕ್ಟರು ಹೇಳಿದ್ದು ಎಂದರೆ ಯಾರೂ ನಂಬಲಿಲ್ಲ. ಸುಮ್ಮನೆ ಕೂರು ಎಂದು ಯಾವ ಡಾಕ್ಟರು ಹೇಳುತ್ತಾರೆ?

ಹಟಕ್ಕೆ ಬಿದ್ದು ಮರುದಿನವೂ ಕೂತೆ. ಅದರ ಮಾರನೇ ಬೆಳಿಗ್ಗೆ ನ್ಯಾಮತಿಯಿಂದ ನನ್ನ ಅಣ್ಣ ಮುಖ ಗಂಟಿಕ್ಕಿಕೊಂಡು ಬಂದಿಳಿದ. ನನ್ನ ಗಂಡನೇ ಫೋನ್ ಮಾಡಿದ್ದರಂತೆ.

"ನಮ್ ತಂಗಿಗೆ ಏನಂದ್ರಿ?"

"ನಾನೇನೂ ಅಂದಿಲ್ಲ ಮಾರಾಯ. ಅವಳನ್ನೇ ಕೇಳು."

ಇಬ್ಬರೂ ನನ್ನ ಮುಖ ನೋಡಿದರು. ನನಗೆ ಅಳು ಬಂತು. "ನೋಡ್ರಿ ಮತ್ತೆ!" ಎಂದ ಅಣ್ಣ. ಅಂದಿನಿಂದ ಮಾಳಿಗೆ ಹತ್ತುವುದನ್ನು ಬಿಟ್ಟೆ. ಕೈ ನಡುಗುವುದು ಬಿಡಲಿಲ್ಲ.

ಮೊನ್ನೆ ಬೇಗ ಮನೆಗೆ ಬಂದೆ. ಕಾಲು ತೊಳೆಯಲೆಂದು ಬಚ್ಚಲ ಬಾಗಿಲು ತೆಗೆದರೆ, ಅತ್ತೆ ಒಲೆಯ ಮುಂದೆ ಮೊಣಕಾಲು ಅಪ್ಪಿಕೊಂಡು ಕೂತಿದ್ದರು. ಒಲೆಯಲ್ಲಿ ಬೆಂಕಿಯಿರಲಿಲ್ಲ. ಹಂಡೆಯಲ್ಲಿ ನೀರೂ ಇರಲಿಲ್ಲ.

"ಯಾಕತ್ತೆ? ಯಾರೇನಂದ್ರು?"

ನನ್ನ ಬಾಯಿಂದಲೇ ಬಂತು ಆ ಮಾತು. ಅತ್ತೆ ಗಡಬಡಿಸಿ ಎದ್ದು, "ನೀರು ಕಾಸಾಕೆ ಬಂದಿದ್ದೆ" ಎಂದು ಕಟ್ಟಿಗೆಗೆ ತಡಕಾಡಿದರು. ಕದಿಯುವಾಗ ಸಿಕ್ಕಿಬಿದ್ದವರ ಹಾಗೆ ಅವರ ಕೈ ನಡುಗುತ್ತಿತ್ತು. ಇಷ್ಟು ವರ್ಷ ನಾನು ಗೊಣಗಿದ್ದು ಈ ಹತ್ತು ನಿಮಿಷಕ್ಕೇ.

"ಕುಂತ್ಕಳ್ರಿ ಅತ್ತೆ" ಎಂದು ಬಾಗಿಲು ಎಳೆದುಕೊಂಡು ಈಚೆ ಬಂದೆ.

ಅಷ್ಟರಲ್ಲಿ ಗಂಡ ಚಪ್ಪಲಿ ಬಿಡುತ್ತ, "ಅವ್ವ ಎಲ್ಲಿ?" ಎಂದರು.

"ನೀರು ಕಾಸ್ತಾ ಅದಾರೆ" ಎಂದೆ. "ಈಗ ತಾನೆ ಒಲೆ ಹಚ್ಯಾರೆ. ಹೊತ್ತಾಗ್ತೈತೆ."